ಕಾರ್ಡಿಗೂ ಇಲ್ಲ, ಇಎಸ್‌ಐಗೂ ಇಲ್ಲ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಮೆಯ ಲೆಕ್ಕ ಶಿಫ್ಟಿನಲ್ಲಿ. ಹಗಲಿನ ಕೆಲಸ ಮುಗಿದ ಮೇಲೂ ನಾಲ್ಕು ಗಂಟೆ ಮೆಷಿನ್ ಮುಂದೆ ಕೂತರೆ ಒಂದೂವರೆ ಶಿಫ್ಟ್. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರ ಫೀಸಿಗಿಂತ ಮೊದಲು ತಪ್ಪಿಹೋದ ಶಿಫ್ಟುಗಳ ಲೆಕ್ಕ ಶುರುವಾಗುತ್ತದೆ. ಆ ನಷ್ಟ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಬರುವುದಿಲ್ಲ.

ಅದನ್ನು ಲೆಕ್ಕಕ್ಕೆ ಹಿಡಿದಿರುವುದು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ. ತಿಂಗಳಿಗೆ 12,000 ರೂಪಾಯಿ ಪಡೆಯುವ ಕಾರ್ಮಿಕ ಕಟ್ಟುವುದು ಶೇ 0.75, ಅಂದರೆ 90 ರೂಪಾಯಿ. ಮಾಲೀಕನ ಪಾಲು ಶೇ 3.25, ಅಂದರೆ 390. ಚಿಕಿತ್ಸೆ ಉಚಿತ. ಕಾಯಿಲೆ ಬಿದ್ದ ದಿನಗಳಿಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70 ಕೈಸೇರುತ್ತದೆ. ಆದರೆ ಹೆಸರು ಕಂಪನಿಯ ದಾಖಲೆಯಲ್ಲಿರಬೇಕು. ಗುತ್ತಿಗೆದಾರನ ಕೈಕೆಳಗೆ ಪೀಸ್ ರೇಟಿಗೆ ಹೊಲಿಯುವವರ ಹೆಸರು ಎಷ್ಟೋ ಸಲ ಅಲ್ಲಿರುವುದೇ ಇಲ್ಲ.

ಇನ್ನೊಂದು ಆಸರೆ, ತಮಿಳುನಾಡು ಮುಖ್ಯಮಂತ್ರಿಗಳ ಆರೋಗ್ಯ ವಿಮೆಯ ಕಾರ್ಡು. 5 ಲಕ್ಷದವರೆಗೆ ರಕ್ಷಣೆ. ಅದಕ್ಕೆ ಕುಟುಂಬದ ವಾರ್ಷಿಕ ವರಮಾನ 1,20,000 ರೂಪಾಯಿ ಮೀರಬಾರದು.

ಈಗ ಸೋಮನೂರು, ಪಲ್ಲಡಂ ಕಡೆಯ ಪವರ್‌ಲೂಮ್ ಮನೆಗಳನ್ನು ನೋಡಿ. ಮನೆಯೊಳಗೆ ಕನ್ನಡ ಆಡುವ ದೇವಾಂಗ ನೇಕಾರರು ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ನೂಲು ಕೊಟ್ಟವನಿಗೆ ಬಟ್ಟೆ ನೇಯ್ದುಕೊಟ್ಟು ಕೂಲಿ ಪಡೆಯುವ ಸಣ್ಣ ಮಗ್ಗದ ಒಡೆಯ ಕಾನೂನಿನ ಕಣ್ಣಿಗೆ ಕಾರ್ಮಿಕನಲ್ಲ, ‘ಮಾಲೀಕ’. ಆದ್ದರಿಂದ ಇಎಸ್‌ಐ ಇಲ್ಲ. ತಿಂಗಳಿಗೆ 15,000 ಬಂದರೆ ಕಾರ್ಡೂ ಇಲ್ಲ. ಕೂಲಿ ಏರಿಸಿ ಎಂದು 2022ರಲ್ಲೂ 2025ರಲ್ಲೂ ಮಗ್ಗ ನಿಲ್ಲಿಸಿದ ಜನ ಇವರು. ಇಂಥ ಮಾಲೀಕತ್ವ ಯಾರಿಗೆ ಬೇಕು?

ಇವರಿಗೆ ಸರ್ಕಾರಿ ಆಸ್ಪತ್ರೆ ಇದೆ, ನಿಜ. ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಹಳೆಯದು. ತಿರುಪ್ಪೂರಿನದು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆದರೆ ಕ್ಯೂನಲ್ಲಿ ಕಳೆದ ದಿನ ಮಗ್ಗ ಸುಮ್ಮನಿರುತ್ತದೆ. ಖಾಸಗಿ ಆಸ್ಪತ್ರೆಗೆ ಹೋದರೋ? 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದಲ್ಲಿ ಒಂದು ಸಲ ದಾಖಲಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,452 ರೂಪಾಯಿ ಖರ್ಚು, ಖಾಸಗಿಯಲ್ಲಿ 31,845. ತಿಂಗಳಿಗೆ ಮೂರು ಲಕ್ಷ ಸಂಬಳದ ಮನೆಗೆ ಈ ಖಾಸಗಿ ಖರ್ಚು ಮೂರು ದಿನದ ದುಡಿಮೆ. ಮಗ್ಗದ ಮನೆಗೆ ಎರಡು ತಿಂಗಳದ್ದು.

ಬಡವರು ಕಡಿಮೆ ಖರ್ಚು ಮಾಡುತ್ತಾರೆ ಎಂದು ತೋರಿಸುವ ಅಂಕಿಗಳನ್ನೂ ನಾನು ಪೂರ್ತಿ ನಂಬುವುದಿಲ್ಲ. ಆಸ್ಪತ್ರೆಗೆ ಹೋಗದೆ ಮಾತ್ರೆ ನುಂಗಿ ಕೆಲಸಕ್ಕೆ ಹೋದವನ ಖರ್ಚೂ ಸೊನ್ನೆಯೇ. ಇನ್ನು ಸಕ್ಕರೆ ಕಾಯಿಲೆ, ಬಿಪಿ. ದಾಖಲಾತಿಗೆ ಹಣ ಕೊಡುವ ವಿಮೆ ತಿಂಗಳು ತಿಂಗಳ ಮಾತ್ರೆಗೆ ಕೊಡುವುದಿಲ್ಲ. ಆ ಮಾತ್ರೆಗಳನ್ನು ಮನೆಬಾಗಿಲಿಗೆ ತಲುಪಿಸುವ ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್‌ನಲ್ಲಿ ಶುರುವಾಯಿತು. ಇದು ಬೇರೆ ರಾಜ್ಯಗಳೂ ಕಲಿಯತಕ್ಕ ಕೆಲಸ.

ಮಗ್ಗದ ಮನೆಗಳಂತೆ ಯಾವ ಆರೋಗ್ಯ ವಿಮೆಯೊಳಗೂ ಸೇರದ ಮಧ್ಯದವರು ದೇಶದಲ್ಲಿ ಕನಿಷ್ಠ ಶೇ 30 ಎಂದು ನೀತಿ ಆಯೋಗವೇ 2021ರಲ್ಲಿ ಹೇಳಿದೆ. ಸಣ್ಣ ಮಗ್ಗದವರು ಎರಡೂ ಪಾಲನ್ನು ತಾವೇ ಕಟ್ಟಿ ಇಎಸ್‌ಐ ಸೇರಲು ಸರ್ಕಾರ ಅವಕಾಶ ಕೊಡಲಿ. 15,000 ದುಡಿಯುವ ಮನೆಗೆ ಅದು ತಿಂಗಳಿಗೆ 600 ರೂಪಾಯಿ.