ಒಂದು ಹನಿ ರಕ್ತ, ಅರ್ಧ ಗಂಟೆಯ ಮಾತು

ಗಾಜಿನ ಸಣ್ಣ ಕೊಳವೆಯಲ್ಲಿ ದ್ರಾವಣ. ಅದಕ್ಕೆ ಬೆರಳ ತುದಿಯ ಒಂದು ಹನಿ ರಕ್ತ ಬೆರೆಸಿ, ಹಿಂದೆ ಗೆರೆ ಎಳೆದ ಕಾಗದ ಹಿಡಿದು ಕೆಲವು ನಿಮಿಷ ಕಾಯಬೇಕು. ಗೆರೆಗಳು ನಿಚ್ಚಳವಾಗಿ ಕಂಡರೆ ಸರಿ. ದ್ರಾವಣ ಕದಡಿ ಗೆರೆಗಳು ಮರೆಯಾದರೆ ರಕ್ತದಲ್ಲಿ ಸಿಕಲ್ ಹಿಮೋಗ್ಲೋಬಿನ್ ಇರಬಹುದು. ಆ ವ್ಯಕ್ತಿ ದೋಷದ ಜೀನಿನ ಒಂದೇ ಪ್ರತಿ ಹೊತ್ತ ಬರೀ ವಾಹಕನೋ, ರೋಗಿಯೋ ಎಂಬುದನ್ನು ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಪರೀಕ್ಷೆ ಹೇಳುತ್ತದೆ. ಇಷ್ಟು ಯಂತ್ರದ ಕೆಲಸ. ಫಲಿತಾಂಶದ ಚೀಟಿ ಹಿಡಿದು ಕೂತ ತಾಯಿಗೆ ಅದರ ಅರ್ಥ ಬಿಡಿಸಿ ಹೇಳುವುದು ಬೇರೆಯೇ ಕೆಲಸ. ನಾಗಪುರ ದಶಕಗಳಿಂದ ಆ ಎರಡನೆಯ ಕೆಲಸವನ್ನೂ ಮಾಡುತ್ತ ಬಂದಿದೆ.

ವಿದರ್ಭದ ದಲಿತ, ಆದಿವಾಸಿ, ಹಿಂದುಳಿದ ಸಮುದಾಯಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಹೆಚ್ಚು. ಹಿಮೋಗ್ಲೋಬಿನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದರಿಂದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೆ ಸಾಯುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮಗು ನೋವಿನಿಂದ ಚೀರುತ್ತದೆ.

ಭಾರತದಲ್ಲಿ ಈ ಕಾಯಿಲೆ ಸೌಮ್ಯ ಎಂಬ ಮಾತು ವೈದ್ಯಲೋಕದಲ್ಲಿ ಬಹುಕಾಲ ನಡೆದಿತ್ತು. ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞೆ ಡಾ. ದೀಪ್ತಿ ಜೈನ್ ಮತ್ತು ಸಂಗಡಿಗರು ತಮ್ಮ ವಾರ್ಡಿನ ಮಕ್ಕಳ ದಾಖಲೆಗಳನ್ನು ಮುಂದಿಟ್ಟು, ಮಧ್ಯ ಭಾರತದಲ್ಲಿ ಇದು ತೀವ್ರವಾಗಿಯೂ ಕಾಡಬಲ್ಲದು ಎಂದು ತೋರಿಸಿದರು. ಹೈಡ್ರಾಕ್ಸಿಯೂರಿಯಾ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ಮಕ್ಕಳಿಗೆ ಅನುಕೂಲ ಎಂಬುದನ್ನು ಅಲ್ಲಿಯೇ ಪರೀಕ್ಷಿಸಿ ಪ್ರಕಟಿಸಿದರು. ಇಂಥ ತಿಳಿವಳಿಕೆ ಒಂದು ಆಸ್ಪತ್ರೆಯ ಗೋಡೆ ದಾಟಿ ಹಳ್ಳಿಯ ಡಾಕ್ಟರನ್ನು ತಲುಪುವುದು ವೃತ್ತಿಪರ ಸಂಘಗಳ ಸಮ್ಮೇಳನ, ನಿಯತಕಾಲಿಕೆ, ತರಬೇತಿಗಳ ಮೂಲಕ. ನಮ್ಮಲ್ಲಿ ವೈದ್ಯಕೀಯ ತಳಿವಿಜ್ಞಾನಿಗಳ ಅಕಾಡೆಮಿ ‘ಜೆನೆಟಿಕ್ ಕ್ಲಿನಿಕ್ಸ್’ ಎಂಬ ತ್ರೈಮಾಸಿಕ ತರುತ್ತಿದೆ. ಕಾಲೇಜಿನಲ್ಲಿ ತಳಿವಿಜ್ಞಾನವನ್ನು ಮೇಲುಮೇಲೆ ಓದಿ ಬಂದ ಡಾಕ್ಟರಿಗೆ ಇಂಥ ಪತ್ರಿಕೆಯೇ ಎರಡನೆಯ ತರಗತಿ.

ಡಾಕ್ಟರಿಗೆ ತಿಳಿದದ್ದು ಮನೆಯವರಿಗೂ ತಿಳಿಯಬೇಕಲ್ಲ? ಅದಕ್ಕೆ ನಾಗಪುರದಲ್ಲಿ ಮುಂದೆ ಬಂದವರು ಸಂಪತ್ ರಾಮಟೇಕೆ. ಅವರು ಕಟ್ಟಿದ ಸಿಕಲ್ ಸೆಲ್ ಸೊಸೈಟಿ ರೋಗಿಗಳ, ಅವರ ಮನೆಯವರ ಪರ ದನಿಯೆತ್ತಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವೈದ್ಯರ ಸಂಘವೂ ಮನೆಯವರ ಸಂಘವೂ ಒಂದೇ ಊರಿನಲ್ಲಿ ಕೈಜೋಡಿಸಿದರೆ ಮಾತ್ರ ಈ ಶಿಕ್ಷಣ ಪೂರ್ತಿಯಾಗುತ್ತದೆ ಎಂಬುದು ನನ್ನ ನಂಬಿಕೆ.

ಪರೀಕ್ಷೆಯ ಅರ್ಥ ಜನರ ಮನಸ್ಸಿಗೆ ಇಳಿಯದಿದ್ದರೆ ಏನಾಗುತ್ತದೆ? ಗ್ರೀಸ್‌ನ ಓರ್ಕೊಮೆನೋಸ್ ಊರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಿಕಲ್ ವಾಹಕರು. ಅಲ್ಲಿಯೂ ನಮ್ಮಂತೆ ಹಿರಿಯರೇ ಸಂಬಂಧ ಕುದುರಿಸುತ್ತಿದ್ದರು. ಊರಿಗೆ ಊರೇ ರಕ್ತ ಪರೀಕ್ಷೆ ಮಾಡಿಸಿಕೊಂಡಿತು. ಮುಂದೆ ವಾಹಕರಿಗೆ ಕಳಂಕ ಅಂಟಿತು, ಕೆಲವರು ಫಲಿತಾಂಶ ಮುಚ್ಚಿಟ್ಟು ಮದುವೆಯಾದರು, ವಾಹಕರಿಬ್ಬರ ನಡುವಿನ ಮದುವೆಗಳು ನಿರೀಕ್ಷಿಸಿದಂತೆ ತಗ್ಗಲಿಲ್ಲ. 1970ರ ದಶಕದ ಅಮೆರಿಕದಲ್ಲೂ ಅಷ್ಟೇ: ಆತುರದ ಕಡ್ಡಾಯ ತಪಾಸಣೆಯಿಂದ ಆರೋಗ್ಯವಾಗಿದ್ದ ವಾಹಕರು ಕೆಲಸ, ವಿಮೆ ಕಳೆದುಕೊಂಡರು.

ಈಗ ನಮ್ಮ ದೇಶ ಅದಕ್ಕಿಂತ ಎಷ್ಟೋ ಪಾಲು ದೊಡ್ಡ ತಪಾಸಣೆಗೆ ಇಳಿದಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಾಹ್‌ಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದ ಗುರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನ. 2047ರೊಳಗೆ ರೋಗ ತೊಲಗಬೇಕು. ಪರೀಕ್ಷೆಯಾದವರ ಕೈಗೆ ತಳಿ ಸ್ಥಿತಿಯ ಕಾರ್ಡ್ ಬರುತ್ತದೆ. ಆದರೆ ಕಾರ್ಡ್ ತಾನಾಗಿ ಮಾತಾಡುವುದಿಲ್ಲ. ತಾಯಿ ತಂದೆ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಭಯವಿಲ್ಲ’ ಎಂದು ಲೆಕ್ಕ ಹಾಕುವುದು ಯಾರಿಗಾದರೂ ಸಹಜ. ನಾಣ್ಯ ಪ್ರತಿ ಸಲವೂ ಹೊಸದಾಗಿ ಚಿಮ್ಮುತ್ತದೆ, ಹಿಂದಿನದು ಅದಕ್ಕೆ ನೆನಪಿರುವುದಿಲ್ಲ ಎಂದು ಸಮಾಧಾನದಿಂದ, ಅವರ ಮಾತಿನಲ್ಲೇ ಹೇಳಲು ಅರ್ಧ ಗಂಟೆ ಬೇಕು. ವಾಹಕತನ ರೋಗವಲ್ಲ, ತಪ್ಪು ತಾಯಿಯದೂ ಅಲ್ಲ ತಂದೆಯದೂ ಅಲ್ಲ ಎಂಬುದನ್ನೂ ಆ ಅರ್ಧ ಗಂಟೆಯಲ್ಲೇ ಹೇಳಬೇಕು. ಸೊಸೆಯನ್ನು ದೂರುವ ಮನೆಗಳಲ್ಲಿ ಈ ಒಂದು ಮಾತಿಗೆ ಔಷಧದಷ್ಟೇ ಬೆಲೆ.

ಆ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭಾರತದಲ್ಲಿ ಈ ರೋಗದ ಗುರುತು ಮೊದಲು ವರದಿಯಾದದ್ದೇ ನಮ್ಮ ಪಕ್ಕದ ನೀಲಗಿರಿಯಲ್ಲಿ, 1952ರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಸೋಲಿಗರು ಇದೇ ನೋವು ಉಣ್ಣುತ್ತಿದ್ದಾರೆ. ನಮ್ಮ ಮಕ್ಕಳ ತಜ್ಞರ, ರಕ್ತ ತಜ್ಞರ, ತಳಿವಿಜ್ಞಾನಿಗಳ ಸಂಘಗಳು ಸಮ್ಮೇಳನಗಳ ಜೊತೆಗೆ ಒಂದು ಸರಳ ಕನ್ನಡ ಕೈಪಿಡಿಯನ್ನೂ, ಹಾಡಿಯ ಮಾತು ಬಲ್ಲ ಒಂದಷ್ಟು ಸಮಾಲೋಚಕರನ್ನೂ ರೂಪಿಸಲಿ. ಜೂನ್ 19 ವಿಶ್ವ ಸಿಕಲ್ ಸೆಲ್ ದಿನ. ಈ ಕೆಲಸ ಶುರುಮಾಡಲು ಆ ದಿನದವರೆಗೆ ಕಾಯಬೇಕಿಲ್ಲ.