ದೂರದ ಊರಿನ ಜೊತೆಗಾರರು

ಮದುವೆ ಮನೆಯಲ್ಲಿ ಇಬ್ಬರು ಅಡುಗೆಯವರು ಒಂದೇ ಸಾರಿಗೆ ಕೈ ಹಾಕಿದರು ಎಂದುಕೊಳ್ಳಿ. ಉಪ್ಪು ಹಾಕಿದ್ದನ್ನು ಒಬ್ಬರು ಇನ್ನೊಬ್ಬರಿಗೆ ಹೇಳಲಿಲ್ಲ. ಮುಂದೇನಾಯಿತೆಂದು ವಿವರಿಸಬೇಕಿಲ್ಲ. ಇಬ್ಬರೂ ಪಳಗಿದ ಕೈಗಳೇ. ಕೆಟ್ಟಿದ್ದು ಮಾತ್ರ ಸಾರು. ಒಂದೇ ಒಲೆಯ ಮುಂದೆ ನಿಂತವರ ಪಾಡು ಹೀಗಾದರೆ, ಸಾವಿರಾರು ಮೈಲಿಗಳ ಅಂತರದಲ್ಲಿ ಕುಳಿತು ಒಂದೇ ಸಾಫ್ಟ್‌ವೇರ್ ಸಿದ್ಧಪಡಿಸುವವರ ಗತಿಯೇನು?

ಈ ಪ್ರಶ್ನೆ ನಮಗೆ ದೂರದ್ದಲ್ಲ. ಅಮೆರಿಕದ ಡಲ್ಲಾಸ್ ನಗರದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿಯೇ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಕೆಲಸವನ್ನು ಅಲ್ಲಿಗೆ ಕಳುಹಿಸತೊಡಗಿತು. ಈಗಂತೂ ಕಂಪ್ಯೂಟರ್ ಓದಿದ ಮಗನೋ ಮಗಳೋ ಕೆಲಸಕ್ಕೆ ಸೇರಿದರೆ, ತಂಡದ ಒಂದಷ್ಟು ಮಂದಿ ಬೇರೆ ದೇಶದಲ್ಲಿರುವುದು ಸಾಮಾನ್ಯ ಸಂಗತಿ. ಅಂಥ ತಂಡಕ್ಕೆ ಎಂಥವರನ್ನು ಆರಿಸಬೇಕು? ಹೆಚ್ಚು ಅಂಕ ಗಳಿಸಿದವರನ್ನೆ? ಪಟಪಟನೆ ಇಂಗ್ಲಿಷ್ ಮಾತನಾಡುವವರನ್ನೆ?

ಮಂಗಳನ ಬಳಿ ಮರೆಯಾದ ನೌಕೆ

ಉತ್ತರ ಹುಡುಕಲು ಒಂದು ನಿಜ ಪ್ರಸಂಗ ನೋಡೋಣ. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರ್‌ನಲ್ಲಿ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಎಂಬ ನೌಕೆಯನ್ನು ಮಂಗಳ ಗ್ರಹದತ್ತ ಹಾರಿಸಿತು. ನೌಕೆ ಕಟ್ಟಿದವರು ಡೆನ್ವರ್ ಬಳಿಯ ಲಾಕ್‌ಹೀಡ್ ಮಾರ್ಟಿನ್ ಕಂಪನಿಯವರು. ಅದರ ದಾರಿ ಲೆಕ್ಕ ಹಾಕುತ್ತಿದ್ದವರು ಕ್ಯಾಲಿಫೋರ್ನಿಯದ ಪಸಡೀನಾದಲ್ಲಿರುವ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು. ನೌಕೆಯ ಸಣ್ಣ ರಾಕೆಟ್‌ಗಳ ನೂಕುಬಲವನ್ನು ಕಂಪನಿಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು. ಪ್ರಯೋಗಾಲಯದವರು ಅದನ್ನು ನ್ಯೂಟನ್ ಲೆಕ್ಕವೆಂದೇ ತಿಳಿದರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. 1999ರ ಸೆಪ್ಟೆಂಬರ್ 23ರಂದು, ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ 57 ಕಿ.ಮೀ.ಗೆ ಇಳಿದು ಶಾಶ್ವತವಾಗಿ ಕಣ್ಮರೆಯಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಆ ಇಂಜಿನಿಯರುಗಳು ದಡ್ಡರೇ? ಖಂಡಿತ ಅಲ್ಲ. ತನಿಖಾ ಮಂಡಳಿ ಬೊಟ್ಟು ಮಾಡಿದ್ದು ಬೇರೆ ಕೊರತೆಗಳತ್ತ. ದಾರಿ ಲೆಕ್ಕ ಹಾಕುವ ತಂಡದಲ್ಲಿ ಜನ ಕಡಿಮೆ, ಕೆಲಸದ ಹೊರೆ ಹೆಚ್ಚು. ಅವರಿಗೆ ಆ ನೌಕೆಯ ಪರಿಚಯವೇ ಸಾಲದು. ಲೆಕ್ಕದಲ್ಲಿ ಏನೋ ತಾಳೆಯಾಗುತ್ತಿಲ್ಲ ಎಂಬ ಅನುಮಾನ ಮೊದಲೇ ಮೂಡಿತ್ತು. ಆದರೆ ಅದು ಇಮೇಲ್‌ಗಳಲ್ಲಿ ಓಡಾಡಿತೇ ಹೊರತು, ಉತ್ತರ ಕೊಡಲೇಬೇಕಾದ ಅಧಿಕೃತ ಪ್ರಶ್ನೆಯಾಗಿ ಯಾರ ಮೇಜಿಗೂ ಬರಲಿಲ್ಲ.

ತಂಡ ಕಟ್ಟುವ ಬಗೆ

ಜನ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆ ಎಂಬುದು ತಪ್ಪು ಎಣಿಕೆ. ಐದು ಜನರಿದ್ದರೆ ಪರಸ್ಪರ ಮಾತಿನ ಜೋಡಿಗಳು 10. ಹತ್ತು ಜನರಾದರೆ 45! ಐಬಿಎಂನಲ್ಲಿ ಬೃಹತ್ ಯೋಜನೆಯೊಂದನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾಗಿರುವ ಯೋಜನೆಗೆ ಜನರನ್ನು ತುಂಬಿದರೆ ಅದು ಇನ್ನಷ್ಟು ತಡವಾಗುತ್ತದೆಂದು 1975ರಲ್ಲಿಯೇ ಎಚ್ಚರಿಸಿದ್ದರು. ಆದ್ದರಿಂದ ಬಲ್ಲವರು ಮೊದಲು ಕೆಲಸವನ್ನು ಒಂದಕ್ಕೊಂದು ಆದಷ್ಟು ತೊಡಕಿಕೊಳ್ಳದ ಭಾಗಗಳಾಗಿ ಒಡೆಯುತ್ತಾರೆ. ಪ್ರತಿ ಊರಿನಲ್ಲೂ ಆ ಭಾಗವನ್ನು ಪೂರ್ತಿ ಬಲ್ಲ ಒಬ್ಬರಾದರೂ ಇರುವಂತೆ ನೋಡಿಕೊಳ್ಳುತ್ತಾರೆ. ಸಾಧ್ಯವಾದರೆ ಸಣ್ಣದೊಂದು ಕೆಲಸವನ್ನು ಒಟ್ಟಿಗೆ ಮಾಡಿಸಿ, ಹೊಂದಾಣಿಕೆ ಪರೀಕ್ಷಿಸುತ್ತಾರೆ.

ಗಡಿಯಾರವೂ ಒಂದು ಸವಾಲು. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸಂಜೆ 6-30 ಆದಾಗ ಡಲ್ಲಾಸ್‌ನಲ್ಲಿ ಬೆಳಿಗ್ಗೆ 8 ಗಂಟೆ. ಇಲ್ಲಿನವರು ಮನೆಗೆ ಹೊರಡುವ ಮುನ್ನ ಏನು ಮುಗಿಯಿತು, ಏನು ಉಳಿಯಿತು, ಎಲ್ಲಿ ಅನುಮಾನವಿದೆ ಎಂದು ನಾಲ್ಕು ಸಾಲು ಸ್ಪಷ್ಟವಾಗಿ ಬರೆದಿಟ್ಟರೆ ಅಲ್ಲಿನವರ ದಿನ ಸಲೀಸು. ಬರೆಯದಿದ್ದರೆ ಒಂದು ಪ್ರಶ್ನೆಗೆ ಒಂದು ಇಡೀ ದಿನ ಹಾಳು.

ಕೆಲಸವೇ ಗುರುತಿನ ಚೀಟಿ

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಆರಂಭಿಸಿದಾಗ ಅವರ ಬಳಿ ಕಚೇರಿಯಿರಲಿಲ್ಲ, ಸಂಬಳ ಕೊಡಲು ಹಣವೂ ಇರಲಿಲ್ಲ. ಹಲವು ದೇಶಗಳ ಜನ ಕೈ ಜೋಡಿಸಿದರು. ಯಾರ ಪದವಿ ಪತ್ರವನ್ನೂ ಅಲ್ಲಿ ಕೇಳಲಿಲ್ಲ. ಏನನ್ನು ಬದಲಿಸಿದಿರಿ, ಏಕೆ ಬದಲಿಸಿದಿರಿ ಎಂಬುದನ್ನು ಬರೆದು ಕಳುಹಿಸಬೇಕು, ಎಲ್ಲರೆದುರು ತಿದ್ದಿಸಿಕೊಳ್ಳಬೇಕು. ಹಾಗೆ ನಂಬಿಕೆ ಗಳಿಸಿದವರ ಕೈಗೇ ಒಂದೊಂದು ಭಾಗದ ಹೊಣೆ ಹೋಯಿತು. ಅಂದಹಾಗೆ, ಟೋರ್ವಾಲ್ಡ್ಸ್ ಅವರ ಮನೆಮಾತು ಇಂಗ್ಲಿಷ್ ಅಲ್ಲ, ಸ್ವೀಡಿಷ್.

ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಎಂದರೆ ಅಳುಕುವ ಮಕ್ಕಳು ಈ ಮಾತನ್ನು ಗಮನಿಸಬೇಕು. ಇಂಗ್ಲಿಷ್ ಕಲಿಯಬೇಕು, ನಿಜ. ಆದರೆ ಮಾತಿನ ಓಟ ಬೇರೆ, ವಿಷಯದ ಸ್ಪಷ್ಟತೆ ಬೇರೆ. 'ಬಲ 20' ಎಂದು ಬರೆದು ಬಿಡುವವನಿಗಿಂತ, ಯಾವ ಮಾನದಲ್ಲಿ 20 ಎಂದು ಸರಳ ವಾಕ್ಯದಲ್ಲಿ ಬರೆಯುವವಳು ತಂಡಕ್ಕೆ ಹೆಚ್ಚು ಬೇಕಾದವಳು.

ಈ ಅಭ್ಯಾಸಕ್ಕೆ ದುಬಾರಿ ಕೋರ್ಸು ಬೇಕಿಲ್ಲ. ಬೇರೆ ಊರಿನ ಗೆಳೆಯನೊಬ್ಬನ ಜೊತೆ ಸಣ್ಣ ಪ್ರೋಗ್ರಾಮ್ ಬರೆಯಿರಿ. ಫೋನ್ ಮಾಡದೆ, ಕೇವಲ ಬರವಣಿಗೆಯಲ್ಲಿ ಕೆಲಸ ಹಂಚಿಕೊಳ್ಳಿ. ಎಲ್ಲಿ ಎಡವುತ್ತೀರೆಂಬುದು ವಾರದೊಳಗೆ ತಿಳಿಯುತ್ತದೆ.

ತಂದೆ-ತಾಯಂದಿರಿಗೂ ಒಂದು ಮಾತು. ಅಂಕಪಟ್ಟಿ ನೋಡುವಾಗ, ಮಗು 'ನನಗಿದು ಅರ್ಥವಾಗಲಿಲ್ಲ' ಎಂದು ಅಂಜದೆ ಹೇಳುತ್ತದೆಯೇ ಎಂಬುದನ್ನೂ ನೋಡಿ. ಹಾಗೆ ಹೇಳಿದಾಗ ಗದರಬೇಡಿ. ಅನುಮಾನವನ್ನು ಗಟ್ಟಿಯಾಗಿ ಕೇಳಿ ಉತ್ತರ ಪಡೆಯುವವರೆಗೆ ಬಿಡದವರು ಒಬ್ಬರಿದ್ದಿದ್ದರೆ, ಆ ನೌಕೆ ಬಹುಶಃ ಮಂಗಳನನ್ನು ಸುತ್ತುತ್ತಿತ್ತು.