ನೆಲ ನಡುಗಿದರೆ ಆಕಾಶಕ್ಕೇನಾಗುತ್ತೆ?

ಭೂಕಂಪ ಅಂದ ಕೂಡಲೇ ಬಿರುಕು ಬಿಟ್ಟ ಗೋಡೆ ನೆನಪಾಗುತ್ತದೆ. ಆದರೆ ಅದೇ ಕಂಪನ 300 ಕಿ.ಮೀ. ಮೇಲಿರುವ ಅಯಾನುಗೋಳವನ್ನೂ ಅಲುಗಾಡಿಸುತ್ತೆ ಅಂದ್ರೆ ನಂಬ್ತೀರಾ?

ನೆಲವನ್ನು ಒಂದು ದೊಡ್ಡ ಸ್ಪೀಕರ್ ಅಂದುಕೊಳ್ಳಿ. ಅದು ಮೇಲೆ ಕೆಳಗೆ ಆಡಿದಾಗ ಗಾಳಿಯನ್ನು ತಳ್ಳುತ್ತದೆ, ನಮ್ಮ ಕಿವಿಗೆ ಕೇಳದಷ್ಟು ನಿಧಾನದ ಶಬ್ದ ಹುಟ್ಟುತ್ತದೆ. ಮೇಲೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ. ಶಕ್ತಿ ಅಷ್ಟೇ, ಅಲುಗಾಡಿಸಬೇಕಾದ ದ್ರವ್ಯ ಮಾತ್ರ ಕಡಿಮೆ. ಹಾಗಾಗಿ ನೆಲದಲ್ಲಿ ಮಿಲಿಮೀಟರ್ ಲೆಕ್ಕದಲ್ಲಿದ್ದ ಅಲುಗಾಟ ಮೇಲೆ ಹತ್ತಾರು ಮೀಟರ್ ಆಗಬಹುದು! ಅಲ್ಲಿಗೆ ತಲುಪೋಕೆ ಸುಮಾರು 8–10 ನಿಮಿಷ ಬೇಕು.

ದೂರದ ಕಥೆ ಇನ್ನೂ ಮಜಾ. ರೇಲೀ ಅಲೆಗಳು ಭೂಮಿಯ ಮೇಲ್ಮೈಯಲ್ಲಿ ಸೆಕೆಂಡಿಗೆ 3–4 ಕಿ.ಮೀ. ವೇಗದಲ್ಲಿ ಓಡುತ್ತವೆ. ಹೋದ ಕಡೆಯೆಲ್ಲ ಹೊಸದಾಗಿ ಶಬ್ದವನ್ನು ಮೇಲಕ್ಕೆ ಕಳಿಸುತ್ತವೆ. 1968ರ ಮೇ ತಿಂಗಳಲ್ಲಿ ಜಪಾನ್‌ನಲ್ಲಿ ಆದ ಭೂಕಂಪದ ಗುರುತು 5000 ಕಿ.ಮೀ.ಗೂ ಆಚೆ ಹವಾಯಿಯ ಆಕಾಶದಲ್ಲಿ ರೇಡಿಯೋ ತರಂಗಗಳಿಗೆ ಸಿಕ್ಕಿತ್ತು.

ಈಗ ಇದನ್ನು ಹಿಡಿಯೋದು ಜಿಪಿಎಸ್. ಉಪಗ್ರಹ 1575.42 ಮತ್ತು 1227.60 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತದೆ. ಎಲೆಕ್ಟ್ರಾನ್‌ಗಳ ನಡುವೆ ಎರಡೂ ಒಂದೇ ಥರ ತಡವಾಗಲ್ಲ. ಆ ವ್ಯತ್ಯಾಸದಿಂದ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನ್ ಇದ್ದವು ಅಂತ ಲೆಕ್ಕ ಹಾಕಬಹುದು. ಮ್ಯಾಪ್ ಮಾಡೋರಿಗೆ ತಲೆನೋವು, ಇವರಿಗೆ ಅದೇ ಡೇಟಾ.

2011ರ ಮಾರ್ಚ್ 11ರಂದು ಜಪಾನ್‌ನ ಸುಮಾರು 1200 ಜಿಪಿಎಸ್ ಕೇಂದ್ರಗಳ ಡೇಟಾದಲ್ಲಿ, ಕೆರೆಗೆ ಕಲ್ಲೆಸೆದ ಹಾಗೆ ಉಂಗುರದ ಅಲೆಗಳು ಕಂಡವು. ಅವತ್ತು ಮೂರು ನಿಮಿಷದೊಳಗೆ ಮಾಡಿದ ಮೊದಲ ಅಂದಾಜು 7.9. ನಿಜವಾದ ತೀವ್ರತೆ 9.0. ಹೀಗಾಗಿ ಕೆಲವು ಕಡೆ ಸುನಾಮಿ 3 ಮೀಟರ್ ಅಂತಷ್ಟೇ ಎಚ್ಚರಿಕೆ ಹೋಯಿತು, ಬಂದದ್ದು ಅದಕ್ಕಿಂತ ಎಷ್ಟೋ ಎತ್ತರ. ಆಕಾಶದ ಗುರುತು ಕೈಗೆ ಬರಲು ಹತ್ತು ನಿಮಿಷ, ದೊಡ್ಡ ಅಲೆ ದಡಕ್ಕೆ ಬರಲು ಹೆಚ್ಚೂಕಡಿಮೆ ಅರ್ಧ ಗಂಟೆ. ನಡುವಿನ ಆ ಇಪ್ಪತ್ತು ನಿಮಿಷದಲ್ಲಿ ಗುಡ್ಡ ಹತ್ತಬಹುದು.

ಹೊಕ್ಕೈಡೊ ವಿಶ್ವವಿದ್ಯಾಲಯದ ಕೊಸುಕೆ ಹೆಕಿ, ಕಂಪನಕ್ಕೆ 40 ನಿಮಿಷ ಮೊದಲೇ ಎಲೆಕ್ಟ್ರಾನ್ ಹೆಚ್ಚಿತ್ತು ಅಂತ ಬರೆದರು. ಅದು ಲೆಕ್ಕ ಹಾಕಿದ ರೀತಿಯಿಂದ ಕಂಡ ಭ್ರಮೆ ಅಂತ ಬೇರೆಯವರ ವಾದ. ನನಗೂ ಆ ವಾದವೇ ಸರಿ ಅನ್ಸುತ್ತೆ. ಭವಿಷ್ಯ ಹೇಳೋದಕ್ಕಿಂತ, ನಡೆದದ್ದನ್ನು ಬೇಗ ಹೇಳೋದೇ ಕೈಗೆಟುಕುವ ಕೆಲಸ. ನಾಸಾದ ಗಾರ್ಡಿಯನ್ ಮಾಡ್ತಿರೋದೂ ಅದನ್ನೇ. 2025ರ ಜುಲೈನಲ್ಲಿ ಕಾಮ್ಚಾಟ್ಕಾದಲ್ಲಿ 8.8ರ ಭೂಕಂಪ ಆದಾಗ, ಸುನಾಮಿ ಹವಾಯಿ ಮುಟ್ಟುವ ಮೊದಲೇ ಅದು ಆಕಾಶದಲ್ಲಿ ಗುರುತು ಹಿಡಿದಿತ್ತು.